ಪಕ್ಷದ ಕೆಲಸ ಮತ್ತು ಲೇಖಕಿಯ ಬರಹ

ಪ್ರಶ್ನೆ: ಎಡಪಕ್ಷಗಳಲ್ಲಿ ದುಡಿದ ಲೇಖಕಿಯರ ಬರಹ ಬರಿಯ ಪ್ರಚಾರವಾಗಿಬಿಡುತ್ತದೆ ಎಂಬ ಮಾತು ನಿಜವೇ? ನಮ್ಮ ಮುಂಬಯಿ ಕಡೆಯ ನಿದರ್ಶನವಿದ್ದರೆ ತಿಳಿಸಿ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಆ ಮಾತನ್ನು ಸಾರಾಸಗಟಾಗಿ ಒಪ್ಪಲಾಗದು. ಗೋದಾವರಿ ಪರುಳೇಕರ್ ಅವರನ್ನೇ ನೋಡಿ. ಕಾನೂನು ಓದಿದ್ದ ಅವರು ಕಮ್ಯುನಿಸ್ಟ್ ಪಕ್ಷ ಸೇರಿ, 1945ರಲ್ಲಿ ಪತಿ ಶಾಮರಾವ್ ಅವರೊಡನೆ ಅಂದಿನ ಠಾಣೆ ಜಿಲ್ಲೆಯ ಡಹಾಣು, ತಲಾಸರಿ ಸೀಮೆಯ ವಾರ್ಲಿ ಆದಿವಾಸಿಗಳನ್ನು ಕಿಸಾನ್ ಸಭೆಯಡಿ ಸಂಘಟಿಸಿದರು. ಈಗ ಲೋಕಲ್ ರೈಲು ಮುಟ್ಟುವ ಆ ಸೀಮೆಯಲ್ಲಿ ಆಗ ಜಮೀನುದಾರರ ಬಿಟ್ಟಿ ಚಾಕರಿ ನಡೆಯುತ್ತಿತ್ತು. ಮದುವೆಗೆಂದು ಮಾಡಿದ ಸಣ್ಣ ಸಾಲಕ್ಕೆ ಗಂಡಹೆಂಡಿರಿಬ್ಬರೂ ಸಾಹುಕಾರನ ಮನೆಯಲ್ಲಿ ಜೀತಕ್ಕೆ ಬೀಳುತ್ತಿದ್ದರು. ಆ ಹೋರಾಟವನ್ನು ಕುರಿತ ಅವರ ‘ಜೇವ್ಹಾ ಮಾಣೂಸ್ ಜಾಗಾ ಹೋತೋ’ ಎಂಬ ಮರಾಠಿ ಕೃತಿಗೆ 1972ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪಕ್ಷದ ಕೆಲಸವಿಲ್ಲದಿದ್ದರೆ ಈ ಪುಸ್ತಕವೇ ಹುಟ್ಟುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ವಾರ್ಲಿಗಳ ಬದುಕು ಅದರಲ್ಲಿ ಘೋಷಣೆಗಳಿಗಿಂತ ಹೆಚ್ಚಿನ ಜಾಗ ಪಡೆದಿದೆ.

ಉತ್ತರ ಭಾರತದಲ್ಲಿ ವೈದ್ಯೆಯೂ ಕಮ್ಯುನಿಸ್ಟರೂ ಆಗಿದ್ದ ಉರ್ದು ಲೇಖಕಿ ರಶೀದ್ ಜಹಾನ್ ಇದ್ದರು. ಅವರ ಬರಹವನ್ನೊಳಗೊಂಡ 1932ರ ‘ಅಂಗಾರೆ’ ಸಂಕಲನವನ್ನು ಮರುವರ್ಷವೇ ಸರ್ಕಾರ ನಿಷೇಧಿಸಿತು. ಅವರನ್ನು ಆದರ್ಶವೆಂದು ಭಾವಿಸಿದ್ದ, ಮುಂಬಯಿಯಲ್ಲಿ ನೆಲೆಸಿದ ಉರ್ದು ಕಥೆಗಾರ್ತಿ ಇಸ್ಮತ್ ಚುಗ್ತಾಯಿ ಪ್ರಗತಿಶೀಲ ಲೇಖಕರ ಚಳವಳಿಯ ಜೊತೆಗಿದ್ದೂ ತಮ್ಮ ಕಥೆಗಳಲ್ಲಿ ಮಧ್ಯಮವರ್ಗದ ಮನೆಯೊಳಗಿನ ಹೆಣ್ಣಿನ ಸಂಗತಿಗಳನ್ನೇ ಹೆಚ್ಚಾಗಿ ಬರೆದರು. ಚಳವಳಿಯ ಕೆಲವರಿಗೆ ಇದು ರುಚಿಸಲಿಲ್ಲ. ಇಸ್ಮತ್ ತಾವು ಬರೆಯುವ ರೀತಿಯನ್ನು ಬದಲಿಸಲೂ ಇಲ್ಲ.