ಉದ್ಯಮಿಯೊಬ್ಬ ಫುಟ್‌ಬಾಲ್ ಕ್ಲಬ್ ಕೊಂಡು, ದೊಡ್ಡ ಕ್ಲಬ್ಬುಗಳಷ್ಟು ದುಡ್ಡು ಸುರಿಯದೆ ಮೇಲಕ್ಕೆ ತರಬಹುದೇ?

ತರಬಹುದು. ನನ್ನ ಪ್ರಕಾರ ಇದಕ್ಕೆ ಅತ್ಯುತ್ತಮ ಉದಾಹರಣೆ ಲಂಡನ್ನಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್. ಆಕ್ಸ್‌ಫರ್ಡಿನಲ್ಲಿ ಭೌತಶಾಸ್ತ್ರ ಓದಿ, ಬ್ಯಾಂಕಿಂಗ್‌ನಲ್ಲಿ ದುಡಿದು, ಕೊನೆಗೆ ಬೆಟ್ಟಿಂಗಿನ ಲೆಕ್ಕಾಚಾರದಲ್ಲಿ ಹಣ ಮಾಡಿದವರು. ಅವರ ಸ್ಮಾರ್ಟ್‌ಆಡ್ಸ್ ಕಂಪನಿ ಶುರುವಾದದ್ದು 2004ರಲ್ಲಿ. ಚಿಕ್ಕಂದಿನಿಂದ ತಾವು ಬೆಂಬಲಿಸಿದ್ದ ಬ್ರೆಂಟ್‌ಫರ್ಡ್, ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿದ್ದಾಗ ಮೊದಲು ಸಾಲ ಕೊಟ್ಟರು, 2012ರಲ್ಲಿ ಮಾಲೀಕರಾದರು. ಆಗ ತಂಡ ಮೂರನೇ ಡಿವಿಜನ್‌ನಲ್ಲಿತ್ತು. 2021ರಲ್ಲಿ ಇಂಗ್ಲೆಂಡಿನ ಅಗ್ರ ಡಿವಿಜನ್ ಆದ ಪ್ರೀಮಿಯರ್ ಲೀಗ್ ತಲುಪಿತು. ಅಲ್ಲಿಗೆ ಮರಳಿದ್ದು 74 ವರ್ಷಗಳ ನಂತರ.

ಅವರೂ ಕೋಟ್ಯಂತರ ಪೌಂಡ್ ಹಾಕಿದ್ದಾರೆ, ಅದನ್ನು ಮರೆಯಬಾರದು. ಆದರೆ ಕೆಲಸ ಮಾಡಿದ್ದು ಅಳತೆಗೋಲು. ಫಲಿತಾಂಶದಲ್ಲಿ ಅದೃಷ್ಟದ ಪಾಲು ಜಾಸ್ತಿ, ಹಾಗಾಗಿ ಅವರು ನೋಡುವುದು ತಂಡ ಸೃಷ್ಟಿಸಿದ ಅವಕಾಶಗಳ ಗುಣಮಟ್ಟವನ್ನು, ಅಂದರೆ ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್, ನಿರೀಕ್ಷಿತ ಗೋಲುಗಳು). ಪ್ರತಿ ಹೊಡೆತಕ್ಕೂ ಅದರ ದೂರ, ಕೋನ ನೋಡಿ ಗೋಲಾಗುವ ಸಂಭವ ಕಟ್ಟುತ್ತಾರೆ. 2018ರಲ್ಲಿ ಕೋಚ್ ಆದ ಥಾಮಸ್ ಫ್ರಾಂಕ್ ಮೊದಲ ಹತ್ತು ಪಂದ್ಯಗಳಲ್ಲಿ ಎಂಟನ್ನು ಸೋತರು. ಬೇರೆ ಕ್ಲಬ್ಬಾಗಿದ್ದರೆ ಮನೆಗೆ ಕಳಿಸುತ್ತಿದ್ದರು, ಇಲ್ಲಿ ಉಳಿಸಿಕೊಂಡರು. ಪ್ರೀಮಿಯರ್ ಲೀಗಿಗೆ ಕರೆತಂದದ್ದು ಅವರೇ.

ಇನ್ನು ಆಟಗಾರರ ವ್ಯಾಪಾರ. ನೀಲ್ ಮೊಪೆ 2017ರಲ್ಲಿ ಬಂದದ್ದು ಸುಮಾರು 16 ಲಕ್ಷ ಪೌಂಡಿಗೆ, 2019ರಲ್ಲಿ ಬ್ರೈಟನ್‌ಗೆ ಹೋದದ್ದು ಸುಮಾರು 2 ಕೋಟಿಗೆ. ಮಾರಿದ ಮೇಲೆ ಹುಡುಕಾಟಕ್ಕೆ ಹೊರಡಲಿಲ್ಲ. ಮೈದಾನದ ಅಂಚಿನಲ್ಲಿ ಆಡುತ್ತಿದ್ದ ಆಲಿ ವಾಟ್‌ಕಿನ್ಸ್‌ನನ್ನು ಮಧ್ಯದ ಸ್ಟ್ರೈಕರ್ ಮಾಡಿದರು. ಮರುವರ್ಷ ಅವನೂ ಸುಮಾರು 2.8 ಕೋಟಿಗೆ ಆಸ್ಟನ್ ವಿಲ್ಲಾ ಸೇರಿದ. ಆ ಜಾಗಕ್ಕೆ ಪೀಟರ್‌ಬರೋದಿಂದ ತಂದ ಐವನ್ ಟೋನಿ ಮೊದಲ ಸೀಸನ್‌ನಲ್ಲೇ ಲೀಗಿನಲ್ಲಿ 31 ಗೋಲು ಹೊಡೆದು ತಂಡವನ್ನು ಮೇಲಕ್ಕೇರಿಸಿದ. ಒಬ್ಬನನ್ನು ಮಾರುವ ಮೊದಲೇ ಬದಲಿ ಆಟಗಾರ ಸಿದ್ಧವಿರಬೇಕು. ಈ ಪದ್ಧತಿಯನ್ನು ನಕಲು ಮಾಡಲು ಹೊರಡುವ ಮಾಲೀಕರು ಎಡವುವುದು ಇಲ್ಲೇ: ಅಂಕಿಅಂಶದ ವಿಭಾಗ ತೆರೆಯುತ್ತಾರೆ, ಆದರೆ ಖರೀದಿಯನ್ನು ಕೋಚ್ ಇಷ್ಟಕ್ಕೇ ಬಿಡುತ್ತಾರೆ. ಕೋಚ್ ಹೋದೊಡನೆ ಅವನ ಆಟಗಾರರು ಹೊಸಬನಿಗೆ ಬೇಡವಾಗುತ್ತಾರೆ.

ಬ್ರೆಂಟ್‌ಫರ್ಡ್‌ನಲ್ಲೂ ಏಟು ಬಿದ್ದಿದೆ. 2015ರಲ್ಲಿ ತಂಡವನ್ನು ಎರಡನೇ ಡಿವಿಜನ್‌ನಲ್ಲಿ ಐದನೇ ಸ್ಥಾನಕ್ಕೆ ತಂದ ಕೋಚ್ ಮಾರ್ಕ್ ವಾರ್‌ಬರ್ಟನ್ ಜೊತೆ ಆಟಗಾರರ ಆಯ್ಕೆಯ ವಿಷಯದಲ್ಲಿ ಹೊಂದಿಕೆಯಾಗದೆ ಬೇರ್ಪಟ್ಟರು. ನಂತರ ಬಂದ ಮರಿನಸ್ ಡೈಖೌಜನ್ ಸೀಸನ್ ಶುರುವಾಗಿ ಎರಡು ತಿಂಗಳು ತುಂಬುವ ಮೊದಲೇ ಹೊರಬಿದ್ದರು. ಇಂಥ ಕ್ಲಬ್ಬಿಗೆ ಕೋಚ್ ಆರಿಸುವಾಗ, ಖರೀದಿಯಲ್ಲಿ ಕೊನೆಯ ಮಾತು ತನ್ನದಲ್ಲ ಎಂಬುದನ್ನು ಅವನು ಮೊದಲೇ ಒಪ್ಪಿದ್ದಾನೆಯೇ ಎಂದು ಕೇಳಬೇಕು.

ಯೂತ್ ಅಕಾಡೆಮಿಯನ್ನು 2016ರಲ್ಲಿ ಮುಚ್ಚಿದ್ದೂ ಲೆಕ್ಕ ಹಾಕಿಯೇ. ಒಳ್ಳೆಯ ಹುಡುಗರನ್ನು ದೊಡ್ಡ ಕ್ಲಬ್ಬುಗಳು ಅಲ್ಪ ಪರಿಹಾರ ಕೊಟ್ಟು ಎಳೆದುಕೊಳ್ಳುತ್ತಿದ್ದವು. ಅದರ ಬದಲು ಮುಖ್ಯ ತಂಡದ ಕೆಳಗೆ ಎರಡನೇ ತಂಡ, ಅಂದರೆ ಬಿ ತಂಡ ಕಟ್ಟಿ, ದೊಡ್ಡ ಕ್ಲಬ್ಬುಗಳು ಕೈಬಿಟ್ಟ ಹದಿಹರೆಯದವರನ್ನು ಸೇರಿಸಿಕೊಂಡರು. ಪ್ರೀಮಿಯರ್ ಲೀಗಿಗೆ ಬಂದ ಮೇಲೆ ಅಕಾಡೆಮಿ ಮತ್ತೆ ತೆರೆಯಿತು.