ತಾತನ ತಮ್ಮ ಮಾತಾಡ್ತಿದ್ದೀನಿ

(ಓದುಗರ ಪತ್ರದ ಸಾರ: ಅಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಮಹಾ ತಮಾಷೆಯ ಮನುಷ್ಯ. ಮೊಮ್ಮಕ್ಕಳು ಫೋನ್ ಮಾಡಿದರೆ ದನಿ ಬದಲಿಸಿ, 'ನಿಮ್ಮ ತಾತ ಮನೇಲಿಲ್ಲ, ತಾತನ ತಮ್ಮ ಮಾತಾಡ್ತಿದ್ದೀನಿ' ಅನ್ನುತ್ತಿದ್ದರು. ಮೊನ್ನೆ ನೆಂಟರೆಲ್ಲ ಕೂತಿದ್ದಾಗ ನನ್ನ ಆರು ವರ್ಷದ ಮಗಳು ಆಟದ ಫೋನ್ ಹಿಡಿದು ಅದೇ ದನಿಯಲ್ಲಿ ಅದೇ ಮಾತು ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ಎದ್ದು ಹೊರಗೆ ಹೋದ. ಮುಂದಿನ ತಿಂಗಳು ಅಪ್ಪನ ನೆನಪಿಗೆ ಎಲ್ಲರೂ ಸೇರುತ್ತಿದ್ದೇವೆ. ನಾನು ಮಾತಾಡಬೇಕು. 'ಆ ಕೋತಿಚೇಷ್ಟೆಯೆಲ್ಲ ಬೇಡ, ಗೌರವವಾಗಿ ಮಾತಾಡು' ಅನ್ನುತ್ತಾನೆ ಅಣ್ಣ. ಅಮ್ಮ ಏನೂ ಹೇಳುತ್ತಿಲ್ಲ. ಭಾಷಣದ ಕರಡು ಜೊತೆಗಿಟ್ಟಿದ್ದೇನೆ. ಇನ್ನೊಂದು ಚಿಂತೆ: ಎರಡು ವರ್ಷದ ಮಗನಿಗೆ ತಾತ ನೆನಪಿರುತ್ತಾರಾ?)

ಆ ಕೋತಿಚೇಷ್ಟೆಗಳನ್ನೇ ಹೇಳಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಕರಡು ಓದಿದೆ. 'ಸರಳ ಸಜ್ಜನ, ಎಲ್ಲರಿಗೂ ಬೇಕಾದವರು, ಸದಾ ನಗುಮುಖ' ಎಂದು ಬರೆದಿದ್ದೀರಿ. ಹೆಸರು ಬದಲಿಸಿದರೆ ಇದನ್ನು ಯಾರ ಸಭೆಯಲ್ಲಿ ಬೇಕಾದರೂ ಓದಬಹುದು. ಪತ್ರಿಕೆಗೂ ಇಂಥ ನೆನಪಿನ ಬರಹಗಳು ಬಹಳ ಬರುತ್ತವೆ. ಓದಿ ಮುಗಿಸಿದರೂ ಹೋದವರು ಜೋರಾಗಿ ಮಾತಾಡುತ್ತಿದ್ದರೋ ಮೆತ್ತಗೋ, ಮಕ್ಕಳನ್ನು ಹೇಗೆ ಕರೆಯುತ್ತಿದ್ದರು, ಒಂದೂ ತಿಳಿಯುವುದಿಲ್ಲ. ಎಲ್ಲರೂ ಒಂದೇ ಅಚ್ಚಿನ ಒಳ್ಳೆಯವರು.

ನಿಮ್ಮ ಪತ್ರದ ಮೂಲೆಯಲ್ಲಿ, ಬರೀ ನೆಪಕ್ಕೆ ಎಂಬಂತೆ, ಹಾವು ಏಣಿ ಆಟದ ವಿಷಯ ಬರೆದಿದ್ದೀರಿ. ಮೊಮ್ಮಗಳು ಅತ್ತ ತಿರುಗಿದ ಕೂಡಲೇ ತಾತನ ಕಾಯಿ ಎರಡು ಮನೆ ಮುಂದೆ ಸರಿದು ಏಣಿಯ ಬುಡಕ್ಕೆ ಬಂದಿರುತ್ತಿತ್ತು. ಅವಳು ಹಿಡಿದರೆ 'ಗಾಳಿಗೆ ಸರೀತು ಕಣೇ'. ಕಿಟಕಿ ಮುಚ್ಚಿರುತ್ತಿತ್ತು. ಅದನ್ನೂ ಅವಳೇ ಎದ್ದು ಹೋಗಿ ನೋಡಿ ಬಂದು ಹೇಳುತ್ತಿದ್ದಳು. ಆಮೇಲೆ ತಾತ ತಪ್ಪೊಪ್ಪಿಕೊಂಡು ಹಾವಿನ ಬಾಯಿಗೆ ತಾವೇ ಕಾಯಿ ಇಟ್ಟು ಜರ್ರನೆ ಕೆಳಗಿಳಿಯುತ್ತಿದ್ದರು. ನೋಡಿ, ಅವರು ಸಿಕ್ಕಿಬೀಳುವ ಹಾಗೇ ಮೋಸ ಮಾಡುತ್ತಿದ್ದರು! ದೊಡ್ಡವರನ್ನು ಹಿಡಿದುಹಾಕುವ ಖುಷಿ ಮಗುವಿಗೆ ಸಿಗಲಿ ಅಂತ ಸೋಲುವ ಮನುಷ್ಯ. 'ಸಜ್ಜನ' ಎಂದು ಹತ್ತು ಸಲ ಹೇಳಿದರೂ ಇಷ್ಟು ಗೊತ್ತಾಗುವುದಿಲ್ಲ. ಭಾಷಣ ಇಲ್ಲಿಂದಲೇ ಶುರುವಾಗಲಿ.

ಇನ್ನು ನಗುವಿನ ವಿಷಯ. ನೆಂಟರ ಮುಂದೆ ನಕ್ಕೆ ಅಂತ ನಿಮಗೆ ಒಳಗೊಳಗೇ ಕೊರೆಯುತ್ತಿದೆ, ಅಲ್ವಾ? 1997ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಆರು ತಿಂಗಳ ಹಿಂದೆ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಹೋದವರ ಬಗ್ಗೆ ಮಾತಾಡುವಾಗ ಅವರ ಮುಖಭಾವ ಗಮನಿಸಿದರು. ಮಾತಿನ ನಡುವೆ ಕಣ್ಣಂಚು ಸುಕ್ಕಾಗುವ ಹಾಗೆ ನಿಜವಾಗಿ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತು. ನಕ್ಕಿದ್ದಕ್ಕೇ ಸಂಕಟ ಇಳಿಯಿತೋ, ಸಂಕಟ ಇಳಿದವರು ನಕ್ಕರೋ, ಅದೊಂದರಿಂದಲೇ ತೀರ್ಮಾನಿಸಲಾಗದು. ಆದರೆ ದುಃಖದ ನಡುವೆ ನಗು ಬರುವುದು ಪ್ರೀತಿ ಕಡಿಮೆ ಇರುವ ಗುರುತು ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಅಣ್ಣನ ಮೇಲೂ ಸಿಟ್ಟಾಗಬೇಡಿ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ 1999ರಲ್ಲಿ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ದುಃಖದಲ್ಲಿರುವವರು ಒಮ್ಮೆ ನೋವಿನ ಕಡೆ, ಒಮ್ಮೆ ದಿನದ ಬದುಕಿನ ಕಡೆ ಹೋಗುತ್ತಾ ಬರುತ್ತಾ ಇರುತ್ತಾರಂತೆ. ಒಂದೇ ಮನೆಯವರಾದರೂ ಒಂದೇ ಹೊತ್ತಿಗೆ ಒಂದೇ ಕಡೆ ಇರಬೇಕು ಅಂತೇನಿಲ್ಲ. ಮಗಳ ಬಾಯಲ್ಲಿ ಅಪ್ಪನ ದನಿ ಕೇಳಿದಾಗ ನಿಮಗೆ ಅಪ್ಪ ಬಂದ ಹಾಗಾಯಿತು, ಅವರಿಗೆ ಅಪ್ಪ ಇಲ್ಲ ಅನ್ನೋದು ಇನ್ನೊಮ್ಮೆ ಗೊತ್ತಾಯಿತು ಅಂತ ಕಾಣುತ್ತದೆ. ಭಾಷಣವನ್ನು ಮೊದಲೇ ಅವರಿಗೆ ಓದಿ ಹೇಳಿ. ಸಭೆಯಲ್ಲಿ ಥಟ್ಟನೆ ಕೇಳಿಸಿಕೊಳ್ಳುವ ಕಷ್ಟವಾದರೂ ತಪ್ಪುತ್ತದೆ. (ದುಃಖಕ್ಕೆ ಐದು ಹಂತ ಅಂತ ಮೊಬೈಲಿನಲ್ಲಿ ಓಡಾಡುವ ಪಟ್ಟಿಯನ್ನು ಅವರಿಗೆ ಕಳಿಸಬೇಡಿ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ ಆ ಹಂತಗಳನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ನೋಡಿ. ಉಳಿದವರು ಸಾಲಾಗಿ ಹತ್ತಿಳಿಯಬೇಕಾದ ಮೆಟ್ಟಿಲು ಅದಲ್ಲ.)

ಮಗಳಿಗೆ ಮಾತ್ರ ಆ ದನಿ ಬೇಡ ಅನ್ನಬೇಡಿ. ಸತ್ತವರು ಮತ್ತೆ ಬರುವುದಿಲ್ಲ, ಎಲ್ಲರೂ ಒಂದು ದಿನ ಸಾಯುತ್ತಾರೆ ಅನ್ನೋದು ಮಕ್ಕಳಿಗೆ ಹೆಚ್ಚಾಗಿ ಐದರಿಂದ ಏಳು ವರ್ಷದೊಳಗೆ ಅರ್ಥವಾಗುತ್ತಾ ಬರುತ್ತದೆ. ಅವಳು ಆ ವಯಸ್ಸಿನಲ್ಲೇ ಇದ್ದಾಳೆ. 'ತಾತ ದೂರ ಹೋಗಿದ್ದಾರೆ', 'ಮಲಗಿದ್ದಾರೆ' ಅಂತ ಸುಮ್ನೆ ಹೇಳಿದರೆ ಅವಳು ಕಾಯುತ್ತಾಳೆ, ಇಲ್ಲವೇ ಮಲಗಲು ಹೆದರುತ್ತಾಳೆ. ಸತ್ತುಹೋದರು, ಇನ್ನು ಬರುವುದಿಲ್ಲ ಅಂತಲೇ ಹೇಳಿ. ಹೇಳಿದ ಮೇಲೂ 'ತಾತನ ತಮ್ಮ' ಆಗಿ ಫೋನ್ ಮಾಡಿದರೆ ಎತ್ತಿಕೊಂಡು ಮಾತಾಡಿ.

ಮಗನಿಗೆ ನೆನಪಿರುವುದು ಅನುಮಾನ. ದೊಡ್ಡವರಾದ ಮೇಲೆ ನಮಗೆ ಉಳಿಯುವ ಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಅದಕ್ಕಿಂತ ಹಿಂದಿನದು ಹೆಚ್ಚಾಗಿ ಅಳಿಸಿಹೋಗುತ್ತದೆ. ಅವನಿಗೆ ಸಿಗುವ ತಾತ ನೀವೆಲ್ಲ ಹೇಳಿದ ತಾತ. ಹಾಗಾಗಿ ಫೋಟೋ ತೋರಿಸಿ 'ಇವರು ನಿನ್ನ ತಾತ' ಅಂತ ನಿಲ್ಲಿಸಬೇಡಿ. ಗಾಳಿಗೆ ಕಾಯಿ ಸರಿದ ಕತೆಯನ್ನು ಅಕ್ಕನ ಬಾಯಲ್ಲೇ ಹೇಳಿಸಿ. ಅಪ್ಪನ ಫೋನಿನಲ್ಲಿ ಧ್ವನಿ ಸಂದೇಶಗಳಿದ್ದರೆ ಈ ವಾರವೇ ಬೇರೆ ಎರಡು ಕಡೆ ಕಾಪಿ ಮಾಡಿಡಿ. ಸಿಮ್ ನಿಂತುಹೋಗುತ್ತದೆ, ಫೋನ್ ಕೆಡುತ್ತದೆ, ಇಲ್ಲವೇ ಯಾರೋ ಜಾಗ ಸಾಲದು ಅಂತ ಅಳಿಸುತ್ತಾರೆ.

ಅಮ್ಮನ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಅಲ್ಲೇ ಮನಸ್ಸು ನಿಂತಿತು. ಮನೆಯಲ್ಲಿ ಒಬ್ಬರು ಸದಾ ತಮಾಷೆ ಮಾಡುತ್ತಾ ಇದ್ದರೆ ಇನ್ನೊಬ್ಬರು ಗದರುವವರಾಗಬೇಕಾಗುತ್ತದೆ. ಹೋಮ್‌ವರ್ಕ್ ಆಯ್ತಾ ಅನ್ನೋರು, ಕಹಿ ಔಷಧಿ ಕುಡಿಸೋರು, ತಿಂಗಳ ಕೊನೆಗೆ ಲೆಕ್ಕ ಕೂಡಿಸೋರು. ಆಟದ ಅಪ್ಪ ಎಲ್ಲರಿಗೂ ನೆನಪಿರುತ್ತಾರೆ, ಆಟ ಮುಗಿದ ಮೇಲೆ ಎಲ್ಲ ಎತ್ತಿಟ್ಟವರು ಮರೆತುಹೋಗುತ್ತಾರೆ. ಅವರ ತಮಾಷೆ ಕೆಲವೊಮ್ಮೆ ಅಮ್ಮನಿಗೆ ಚುಚ್ಚಿರಲೂಬಹುದು. ಎಲ್ಲರೂ ನಗುವಾಗ ನಗದೆ ಕೂತ ದಿನಗಳು ಇದ್ದಿರಬಹುದು. ಸಭೆಗೆ ಮುಂಚೆ ಒಂದು ಸಂಜೆ ಅವರ ಜೊತೆ ಕೂತು ಕೇಳಿ: 'ಅಪ್ಪನ ಯಾವ ತಮಾಷೆಗೆ ನಿಂಗೆ ಸಿಟ್ಟು ಬಂದಿತ್ತು?' ಬಿಗಿಯಾಗಿ ಕೂತವರ ಬಾಯಿ ಬಿಡಿಸಲು 'ಅಪ್ಪ ಹೇಗಿದ್ದರು' ಅನ್ನುವುದಕ್ಕಿಂತ ಈ ಪ್ರಶ್ನೆ ವಾಸಿ. ಬಂದ ಉತ್ತರವನ್ನು ತಿದ್ದಲು ಹೋಗಬೇಡಿ, ಅಪ್ಪನ ಪರ ವಾದಿಸಲೂ ಬೇಡಿ.

ಸಭೆಯಲ್ಲಿ ಮಾತಾಡಲು ಅವರು ಒಲ್ಲೆ ಅಂದರೆ ಒತ್ತಾಯ ಬೇಡ. ಮಾತಾಡುತ್ತೇನೆ ಅಂದರೆ ನಿಮ್ಮ ಭಾಷಣವನ್ನು ಅರ್ಧ ಮಾಡಿ, ಆ ಹೊತ್ತನ್ನು ಅವರಿಗೆ ಬಿಟ್ಟುಕೊಡಿ.

ಸಂಪಾದಕ