ಹಳೆ ಜೀಪಿಗೆ ಇನ್ನೊಂದು ಗೇರ್‌ಬಾಕ್ಸ್ ಜೋಡಿಸಿ ಲೋ ಗೇರನ್ನು ಇನ್ನೂ ನಿಧಾನ ಮಾಡಬಹುದೇ?

ಮಾಡಬಹುದು. ನಾನು ಮಾಡಿದ್ದೇನೆ, ಒಂದು ಸಲ ಮುರಿದುಕೊಂಡೂ ಇದ್ದೇನೆ. ಆದರೆ ನಿಮ್ಮ ಮೇಸ್ತ್ರಿ ಹೇಳಿದ ದಾರಿ ಬೇಡ.

ನಿಮ್ಮದು ಮೂರು ಗೇರಿನ ಹಳೆ ಮಹೀಂದ್ರ, ಲಾಂಗ್ ಚಾಸಿ, ಡೀಸೆಲ್ ಎಂಜಿನ್ ಅಂದಿದ್ದೀರಿ. ಅಡಿಕೆ ಕೊನೆ ತುಂಬಿಕೊಂಡು ತೋಟದಿಂದ ಹತ್ತುವಾಗ ಲೋ ಫಸ್ಟ್ ಕೂಡ ಜೋರು ಅನಿಸುತ್ತದೆ, ತಿರುವಿನಲ್ಲಿ ಕ್ಲಚ್ ಒತ್ತಿ ಒತ್ತಿ ಸುಟ್ಟ ವಾಸನೆ ಬರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಧ್ಯೆ ಮಾರುತಿ ಸುಜುಕಿ ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ, ಹೈ-ಲೋ ಎಂಬ ಎರಡು ಗೇರಿರುವ ಪೆಟ್ಟಿಗೆ) ಕೂರಿಸಿದರೆ ಸಾಕು ಎಂದು ಮೇಸ್ತ್ರಿ ಹೇಳಿದ್ದಾರೆ.

ಜಿಪ್ಸಿ ಕೇಸ್ ಯಾಕೆ ಹೊಳೆಯಿತು ಅಂತ ಗೊತ್ತು. ಅದು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯೇ ಇದೆ, ಎಲ್ಲಿ ಬೇಕಾದರೂ ನೇತುಹಾಕಬಹುದು. ಆದರೆ ಹಿಂದಿನ ಶಾಫ್ಟಿಗೆ ಹಾಕಿದರೆ ಹಿಂದಿನ ಚಕ್ರ ಮಾತ್ರ ನಿಧಾನ ಆಗುತ್ತದೆ. ಮುಂದಿನದು ಹಳೆ ವೇಗದಲ್ಲೇ ತಿರುಗಲು ನೋಡುತ್ತದೆ. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕದೆ ಲೋ ಬೀಳುವುದೂ ಇಲ್ಲ, ಅಲ್ವಾ? ಹಾಗಾಗಿ ನೀವು ಲೋ ಹಾಕಿದ ಕ್ಷಣದಿಂದ ಮುಂದಿನ ಎಕ್ಸೆಲ್ಲಿಗೂ ಹಿಂದಿನ ಎಕ್ಸೆಲ್ಲಿಗೂ ಜಗಳ. ನಿಧಾನ ಮಾಡುವ ಪೆಟ್ಟಿಗೆ ಯಾವಾಗಲೂ ಶಕ್ತಿ ಹಿಂದೆ ಮುಂದೆ ಅಂತ ಕವಲೊಡೆಯುವ ಜಾಗಕ್ಕಿಂತ ಮೊದಲೇ ಬರಬೇಕು. ಇನ್ನೊಂದು ತೊಂದರೆ: 1.3 ಲೀಟರ್ ಸುಜುಕಿಯ ಕೇಸ್ ಹೈನಲ್ಲೂ ನೇರ ಅಲ್ಲ, 1.4 ಪಟ್ಟು ಇಳಿಸುತ್ತದೆ. ತೀರ್ಥಹಳ್ಳಿ ಪೇಟೆಗೆ ಹೋಗುವಾಗಲೂ ಎಂಜಿನ್ ಸುಮ್ನೆ ಕಿರುಚುತ್ತಿರುತ್ತದೆ.

ಈಗ ಲೆಕ್ಕ. ಹಳೆ ಮೂರು ಗೇರಿನ ಪೆಟ್ಟಿಗೆಯ ಫಸ್ಟ್ 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಎಕ್ಸೆಲ್ಲಿನ ನಡುವಿನ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್ 5.38. ಮೂರನ್ನೂ ಗುಣಿಸಿದರೆ 37, ಅಂದರೆ ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. (ನಿಮ್ಮ ಕ್ರೌನ್ ಬೇರೆ ಇರಬಹುದು, ಹಲ್ಲು ಎಣಿಸಿ ನೋಡಿ.) ಎಂಜಿನ್ 800 ಸುತ್ತಿನಲ್ಲಿ ಐಡಲ್ ಓಡುತ್ತಿದ್ದರೆ, 16 ಇಂಚಿನ ಸಣ್ಣ ಟೈರಿನಲ್ಲಿ ಗಂಟೆಗೆ ಸುಮಾರು 3 ಕಿ.ಮೀ. ಅದೇ ತರದ ಇನ್ನೊಂದು ಗೇರ್‌ಬಾಕ್ಸನ್ನು ಮಧ್ಯೆ ಕೂರಿಸಿ ಅದನ್ನೂ ಫಸ್ಟಿಗೆ ಹಾಕಿದರೆ 37 ಹೋಗಿ 104 ಆಗುತ್ತದೆ. ವೇಗ ಗಂಟೆಗೆ 1 ಕಿ.ಮೀ. ನಮ್ಮ ಅಪ್ಪಯ್ಯ ಕವಳ ಹಾಕಿಕೊಂಡು, ಮಧ್ಯೆ ಎರಡು ಸಲ ಉಂಬಳ ಕಿತ್ತು, ಆದರೂ ನನಗಿಂತ ಮೊದಲು ಅಂಗಳ ಮುಟ್ಟುತ್ತಾರೆ.

ಇದರಿಂದ ಜೀಪಿಗೆ ಶಕ್ತಿ ಬರುತ್ತದೆ ಅಂತ ಜನ ತಿಳಿಯುತ್ತಾರೆ. ಶಕ್ತಿ ಈಗಲೇ ಸಾಕಷ್ಟಿದೆ. ಎಂಜಿನ್ 12 ಕೆಜಿ-ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟರೆ, 37 ಪಟ್ಟಿನಲ್ಲಿ ಟೈರು ನೆಲವನ್ನು 1,200 ಕೆಜಿಯಷ್ಟು ತಳ್ಳುತ್ತದೆ. ಲೋಡ್ ಸೇರಿ ಜೀಪಿನ ತೂಕ ಒಂದೂಮುಕ್ಕಾಲು ಟನ್ ಇದ್ದೀತು. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಜನ ತುಂಬಿಕೊಂಡು ಹತ್ತುವ ಜೀಪುಗಳು ಕಂಪನಿ ಕೊಟ್ಟ ಲೋ ಗೇರಿನಲ್ಲೇ ಹತ್ತುತ್ತವೆ. 104 ಪಟ್ಟಿನಲ್ಲಿ ಲೆಕ್ಕ 3,400 ಕೆಜಿಗೆ ಹೋಗುತ್ತದೆ. ಅಷ್ಟನ್ನು ತಡೆದುಕೊಳ್ಳುವ ಹಿಡಿತ ಟೈರಿಗೂ ಇಲ್ಲ, ನೆಲಕ್ಕೂ ಇಲ್ಲ. ನಮಗೆ ಬೇಕಾದ್ದು ನಿಧಾನ ಮಾತ್ರ. ಉಳಿದ ಬಲ ಎಕ್ಸೆಲ್ ಮುರಿಯಲು ಕಾಯುತ್ತಿರುತ್ತದೆ.

ನಾನು ಮಾಡಿದ್ದು ಹೀಗೆ. ಗುಜರಿಯಿಂದ ಅದೇ ಮಾಡೆಲ್ಲಿನ ಇನ್ನೊಂದು ಗೇರ್‌ಬಾಕ್ಸ್ ತಂದೆ. ಟ್ರಾನ್ಸ್‌ಫರ್ ಕೇಸನ್ನು ಬಿಚ್ಚಿ ಈ ಎರಡನೇ ಬಾಕ್ಸಿನ ಹಿಂದೆ ಕಟ್ಟಿದೆ. ಎರಡು ಗೇರ್‌ಬಾಕ್ಸುಗಳ ನಡುವೆ ಎರಡು ಕ್ರಾಸ್ (ಓರೆಯಾಗಿದ್ದರೂ ತಿರುಗುವ ಕೀಲು) ಇರುವ ಗಿಡ್ಡ ಶಾಫ್ಟ್. ಟಾಪ್ ಗೇರ್ ನೇರ ಇರುವುದರಿಂದ ಹಿಂದಿನ ಬಾಕ್ಸನ್ನು ಟಾಪಿನಲ್ಲಿ ಬಿಟ್ಟರೆ ರಸ್ತೆಯಲ್ಲಿ ಜೀಪು ಮೊದಲಿನ ಹಾಗೇ ಓಡುತ್ತದೆ. ಕೇಳಲು ಸುಲಭ. ಕಷ್ಟ ಇರುವುದು ಎರಡು ತುದಿಗಳಲ್ಲಿ.

ಮುಂದಿನ ಬಾಕ್ಸಿನ ಹಿಂಭಾಗದ ಬೇರಿಂಗನ್ನು ಹಿಡಿದಿಟ್ಟಿರುವುದು ಟ್ರಾನ್ಸ್‌ಫರ್ ಕೇಸೇ. ಅದು ಹೋದಮೇಲೆ ಬೇರಿಂಗ್ ಒತ್ತಿ ಹಿಡಿಯಲು ಆಯಿಲ್ ಸೀಲ್ ಇರುವ ಪ್ಲೇಟ್ ಬೇಕು. ಹಿಂದಿನ ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಮಾಮೂಲಿಯಾಗಿ ಎಂಜಿನ್ ಹಿಂದಿನ ಭಾರದ ಚಕ್ರವಾದ ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗಿನಲ್ಲಿ ಕೂತಿರುತ್ತದೆ. ಇಲ್ಲಿ ಫ್ಲೈವೀಲ್ ಎಲ್ಲಿದೆ? ಹಾಗೇ ಬಿಟ್ಟರೆ ಶಾಫ್ಟ್ ಅಲ್ಲಾಡಿ ಸೀಲು, ಗೇರು ಎರಡೂ ಹೋಗುತ್ತವೆ. ನಾವು ಹಳೆ ಕ್ಲಚ್ ಪ್ಲೇಟಿನ ನಡುವಿನ ಹಬ್ ತೆಗೆದೆವು. ಆ ಶಾಫ್ಟಿನ ಹಲ್ಲಿಗೆ ಅದು ಸರಿಯಾಗಿ ಕೂರುತ್ತದೆ. ಅದಕ್ಕೆ ಫ್ಲೇಂಜ್ ವೆಲ್ಡ್ ಮಾಡಿ, ಹಬ್ಬನ್ನೇ ಒಂದು ಬೇರಿಂಗಿನಲ್ಲಿ ಕೂರಿಸಿ, ಬೇರಿಂಗನ್ನು ಬೆಲ್ ಹೌಸಿಂಗಿನ (ಬಾಕ್ಸಿನ ಮುಂದೆ ಕ್ಲಚ್ ಮುಚ್ಚುವ ಕವಚ) ಮುಖಕ್ಕೆ ಬೋಲ್ಟ್ ಮಾಡಿದ ದಪ್ಪ ಪ್ಲೇಟಿಗೆ ಸೇರಿಸಿದೆವು.

ಮುರಿದದ್ದು ಆ ವೆಲ್ಡೇ. ಶಿವಮೊಗ್ಗದ ಒಂದು ಲೇತ್ ಅಂಗಡಿಯಲ್ಲಿ ತಣ್ಣನೆಯ ಉಕ್ಕಿಗೇ ವೆಲ್ಡ್ ಹೊಡೆದಿದ್ದರು, ನಾನೂ ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಾ ನೋಡಿದ್ದೆ. ಗಡಸು ಉಕ್ಕು ಹಾಗೆ ಮಾಡಿದರೆ ಬಿರುಕು ಬಿಡುತ್ತದೆ. ಎರಡನೇ ದಿನ ಏರಿನ ಮಧ್ಯೆ ಟಪ್ ಅಂತ ಬಿಟ್ಟುಕೊಂಡಿತು. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಜೀಪು ಹಿಂದಕ್ಕೆ. ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆ ಇದ್ದದ್ದಕ್ಕೆ ಬಚಾವಾದೆ, ಧರೆಗೆ ಒರಗಿ ನಿಂತಿತು. ಮುಂದಿನ ಸಲ ಹಬ್ಬನ್ನು ಚೆನ್ನಾಗಿ ಕಾಯಿಸಿ, ವೆಲ್ಡ್ ಮಾಡಿ, ಒಲೆ ಬೂದಿಯಲ್ಲಿ ರಾತ್ರಿಯಿಡೀ ಹೂತಿಟ್ಟು ಆರಿಸಿದೆವು. ಇವತ್ತಿಗೂ ಅದೇ ಇದೆ.

ಹಿಂದಿನ ಬಾಕ್ಸನ್ನು ರಬ್ಬರ್ ಬುಷ್ ಮೇಲೆ ಸುಮ್ನೆ ಕೂರಿಸಬೇಡಿ. ಶಾಫ್ಟ್ ಒಂದು ಕಡೆ ತಿರುಗಿದರೆ ಪೆಟ್ಟಿಗೆ ಇನ್ನೊಂದು ಕಡೆ ಹೊರಳಲು ನೋಡುತ್ತದೆ. ಚಾಸಿಗೆ ಅಡ್ಡಪಟ್ಟಿ ಹಾಕಿ, ಪಕ್ಕದಿಂದ ಒಂದು ಸ್ಟೇ (ಆಸರೆ ಕಂಬಿ) ಕೊಡಿ. ಇಷ್ಟೆಲ್ಲ ಸೇರಿದಾಗ ಹಿಂದಿನ ಪ್ರೊಪೆಲ್ಲರ್ ಗಿಡ್ಡವಾಗಿ ಕೋನ ಜಾಸ್ತಿ ಆಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಗಿಡ್ಡ ಜೀಪಿನಲ್ಲಿ ಇದನ್ನು ಪ್ರಯತ್ನಿಸಲೇಬೇಡಿ, ಜಾಗವೇ ಸಿಗುವುದಿಲ್ಲ.

12 ಕೆಜಿ-ಮೀಟರಿಗೆ ಅಂತ ಮಾಡಿದ ಇನ್‌ಪುಟ್ ಶಾಫ್ಟಿನ ಮೇಲೆ ಈಗ 34 ಬೀಳಬಹುದು. ಅದಕ್ಕೇ ನಾನು ಹತ್ತುವಾಗ ಹಿಂದಿನ ಬಾಕ್ಸನ್ನು ಸೆಕೆಂಡಿನಲ್ಲಿ ಇಡುತ್ತೇನೆ, ಒಟ್ಟು 57 ಪಟ್ಟು. ಗಂಟೆಗೆ 2 ಕಿ.ಮೀ. ಹತ್ತಿರ, ಕ್ಲಚ್ ಮುಟ್ಟುವುದೇ ಇಲ್ಲ. ಎರಡೂ ಫಸ್ಟ್ ಹಾಕುವುದು ಇಳಿಯುವಾಗ ಮಾತ್ರ. ಗೊಬ್ಬರ ತುಂಬಿಕೊಂಡು ತೋಟಕ್ಕೆ ಇಳಿಯುವಾಗ ಬ್ರೇಕ್ ಬೇಕೇ ಆಗುವುದಿಲ್ಲ. ನಿಜ ಹೇಳಬೇಕೆಂದರೆ ಹತ್ತುವುದಕ್ಕಿಂತ ಇಳಿಯುವುದಕ್ಕೇ ಈ ಕೆಲಸ ಸಾರ್ಥಕ ಆಗಿದ್ದು. ಮಳೆಗಾಲದ ಜಾರು ಮಣ್ಣಿನಲ್ಲಿ ಇದರಿಂದ ಏನೂ ಉಪಯೋಗವಿಲ್ಲ, ಅಲ್ಲಿ ಚಕ್ರಕ್ಕೆ ಸರಪಳಿ ಕಟ್ಟಿ.

ಎರಡೂ ಬಾಕ್ಸನ್ನು ರಿವರ್ಸ್‌ಗೆ ಹಾಕಿದರೆ ಜೀಪು ಮುಂದಕ್ಕೆ ಹೋಗುತ್ತದೆ. ಕೆಲಸದವರಿಗೆ ಬಿಟ್ಟುಕೊಡುವ ಮೊದಲು ಇದನ್ನು ತೋರಿಸಿ. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನವನ್ನು ನಮ್ಮಿಷ್ಟಕ್ಕೆ ಮಾರ್ಪಾಡು ಮಾಡುವಂತಿಲ್ಲ. ನನ್ನದು ತೋಟ ಬಿಟ್ಟು ಡಾಂಬರಿಗೆ ಹತ್ತುವುದಿಲ್ಲ. ನಿಮ್ಮದು ಪೇಟೆಗೂ ಓಡುವ ಜೀಪಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಆಮೇಲೆ ಗುಜರಿ ಅಂಗಡಿಗೆ ಹೋಗಿ.